ಮೂವತ್ತಾರು ಗೆರೆ

ಲೋಹದ ಬುಷ್ಷಿನ ಒಳವ್ಯಾಸವನ್ನು ರಿಜಿಸ್ಟರಿನಲ್ಲಿ ಬರೆದಾದ ಮೇಲೆ, ಅದನ್ನು ತಾನು ಗೇಜಿನಲ್ಲಿ ನೋಡಿ ಬರೆದೆನೋ ಅಥವಾ ಹಿಂದಿನ ಬುಷ್ಷಿನ ಅಂಕಿಯನ್ನೇ ಕೈ ತಾನಾಗಿ ಬರೆದುಬಿಟ್ಟಿತೋ ಎಂದು ಸವಿತಾಳಿಗೆ ಅನುಮಾನವಾಯಿತು. ಗೇಜನ್ನು ಮತ್ತೆ ಇಳಿಸಿ ನೋಡಿದಳು. ಅಂಕಿ ಸರಿಯಾಗಿಯೇ ಇತ್ತು. ಮೂರನೇ ಸಲ ನೋಡಿದಾಗಲೂ ಸರಿಯಾಗಿಯೇ ಇತ್ತು; ಮೂರನೇ ಸಲ ನೋಡಬೇಕಾಯಿತಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು. ಪೀಣ್ಯದ ಈ ವರ್ಕ್‌ಶಾಪಿನಲ್ಲಿ ಹದಿನೆಂಟು ವರ್ಷ ಅಳತೆ ನೋಡಿದವಳು ಅವಳು. ಐದು ಮೈಕ್ರಾನಿನ ವ್ಯತ್ಯಾಸ ನಮ್ಮ ಸವಿತಾಗೆ ಬೆರಳಲ್ಲೇ ಗೊತ್ತಾಗುತ್ತೆ ಎಂದು ಯಜಮಾನರಾದ ಸಿದ್ದಲಿಂಗಯ್ಯ ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದರು. ಅದು ಪೂರ್ತಿ ನಿಜವಲ್ಲವೆಂದು ಗೊತ್ತಿದ್ದೂ ಅವಳು ಅಲ್ಲಗಳೆದಿರಲಿಲ್ಲ. ಗಾಜಿನಾಚೆ ಲೇತುಗಳು ತಿರುಗುತ್ತಿದ್ದವು, ಸೋಮವಾರದ ಮೊದಲ ಟೀ ಇನ್ನೂ ಬಂದಿರಲಿಲ್ಲ, ಎಲ್ಲವೂ ಎಂದಿನಂತೆಯೇ ಇತ್ತು. ನಿನ್ನೆ ಎಲೆಕ್ಟ್ರಾನಿಕ್ ಸಿಟಿಯ ಆ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದ ಪಕ್ಕ ಅಂಟಿಸಿದ್ದ ಬಿಳಿ ಚೀಟಿಯೊಂದು ಮಾತ್ರ ಅವಳ ತಲೆಯೊಳಗೆ ಅಂಟಿಕೊಂಡು ಬಂದುಬಿಟ್ಟಿತ್ತು.

ಆ ಲ್ಯಾಬಿನ ವಿಜ್ಞಾನಿ ನಿವೇದಿತಾ ಮೇಡಂ ಮೊದಲ ಸಲ ವರ್ಕ್‌ಶಾಪಿಗೆ ಬಂದಾಗ ಕೈಯಲ್ಲಿ ಹಿಡಿದಿದ್ದದ್ದು ಒಂದು ವಕ್ರವಾದ ಕೊಳವೆ ಮತ್ತು ಪೆನ್ಸಿಲಿನ ಚಿತ್ರ. ಬತ್ತಿದ ಕೆರೆಯ ತಳಕ್ಕೆ ಇಳಿಸಿ, ಮಣ್ಣನ್ನು ಪದರ ಕದಡದಂತೆ ಉದ್ದಕ್ಕೆ ಮೇಲೆತ್ತುವ ಕೊಳವೆ ಬೇಕಾಗಿತ್ತು. ಬೇರೆ ಎಲ್ಲೋ ಮಾಡಿಸಿದ್ದು ಅರ್ಧ ದಾರಿಯಲ್ಲಿ ಮಣ್ಣನ್ನು ಕೆಳಗೆ ಬೀಳಿಸುತ್ತಿತ್ತಂತೆ. ಒಳಗಿನ ಪಿಸ್ಟನ್ನಿಗೂ ಕೊಳವೆಗೂ ನಡುವೆ ಎಷ್ಟು ಸಡಿಲ ಬಿಡಬೇಕೆಂದು ಹೇಳಿದವಳು ಸವಿತಾ. ಆ ಕೊಳವೆಯಲ್ಲಿ ಎರಡೂವರೆ ಮೀಟರ್ ಕೆಸರು ಒಂದೇ ತುಂಡಾಗಿ ಮೇಲೆ ಬಂದ ದಿನ ನಿವೇದಿತಾ ಕೆರೆಯಿಂದಲೇ ಫೋನ್ ಮಾಡಿ, "ಸವಿತಾ ಅವ್ರೇ, ಹಲ್ವಾ ಕಟ್ ಮಾಡಿದ ಹಾಗೆ ಬಂದಿದೆ ಕಣ್ರೀ, ನೀವು ಬಂದು ನೋಡ್ಲೇಬೇಕು" ಅಂದಿದ್ದರು. ದೊಡ್ಡವರು ಮಾತಿಗೆ ಹಾಗೆ ಕರೆಯುತ್ತಾರೆ ಎಂದುಕೊಂಡಿದ್ದಳು. ಆದರೆ ನಿವೇದಿತಾ ಮತ್ತೆ ಮತ್ತೆ ಕರೆದರು, ಕೊನೆಗೆ ಭಾನುವಾರ ದಾಸರಹಳ್ಳಿಯಲ್ಲಿ ಮೆಟ್ರೋ ಹತ್ತಿ, ಆರ್.ವಿ. ರಸ್ತೆಯಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸಿ, ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಅವಳು ಹೋಗಿಯೇಬಿಟ್ಟಳು.

ಅಲ್ಲಿ ಕಂಡದ್ದನ್ನು ಯಾರಿಗೆ ಹೇಗೆ ಹೇಳುವುದು. ಮಣ್ಣನ್ನು ಪದರ ಪದರವಾಗಿ ಕೊಯ್ದು, ಆಮ್ಲದಲ್ಲಿ ತೊಳೆದು ತೊಳೆದು, ಮರಳು ಜೇಡಿ ಎಲ್ಲ ಕರಗಿದ ಮೇಲೆ ಉಳಿಯುವುದು ಹೂವಿನ ಪರಾಗ. ಅದರ ಸಿಪ್ಪೆ ಎಷ್ಟು ಗಟ್ಟಿಯೆಂದರೆ ಕೆಸರಿನಲ್ಲಿ ಸಾವಿರಾರು ವರ್ಷ ಕೊಳೆಯದೆ ಕೂತಿರುತ್ತದಂತೆ. ಅದಕ್ಕೆ ಗುಲಾಬಿ ಬಣ್ಣ ಕುಡಿಸಿ ಗಾಜಿನ ಮೇಲಿಟ್ಟಿದ್ದರು. ಸವಿತಾ ಕಣ್ಣಿಟ್ಟಳು. ಜಾಲಿಯದು ಹದಿನಾರು ಕಣಗಳನ್ನು ಸೇರಿಸಿ ಹೊಲಿದ ಚೆಂಡು. ಮೇಲಿನ ಪದರದಲ್ಲಿ ಮೈತುಂಬ ಮುಳ್ಳಿರುವ ಕಾಂಗ್ರೆಸ್ ಗಿಡದ ಪರಾಗ; ಅದು ಈ ನಾಡಿಗೆ ಬಂದು ನೂರು ವರ್ಷವೂ ಆಗಿಲ್ಲ, ಆದ್ದರಿಂದ ಅದು ಕಂಡರೆ ಹೊಸ ಮಣ್ಣು. ಕೆಳಗೆ ಕೆಳಗೆ ಹೋದಂತೆ ಹುಲ್ಲು, ಬರೀ ಹುಲ್ಲು: ನುಣ್ಣನೆಯ ಗುಂಡು, ಅದಕ್ಕೊಂದೇ ತೂತು, ತೂತಿನ ಸುತ್ತ ಬಳೆ. ಲೇತಿನ ಒಳ್ಳೆಯ ಟರ್ನರ್ ಯಾರೋ ಕೂತು ತೂತಿನ ಅಂಚು ಎತ್ತಿ ಬಿಟ್ಟಂತಿತ್ತು. ಅವಳಿಗೆ ನಗು ಬಂದುಬಿಟ್ಟಿತು, ಯಾಕೆಂದು ಗೊತ್ತಾಗಲಿಲ್ಲ. "ಚೆನ್ನಾಗಿದೆ ಅಲ್ವಾ ಆಂಟಿ?" ಅಂದಳು ಪಕ್ಕದಲ್ಲಿದ್ದ ದಿವ್ಯಾ, ನಿವೇದಿತಾರ ಕೈಕೆಳಗೆ ಪಿಎಚ್‌ಡಿ ಮಾಡುತ್ತಿರುವ ಹುಡುಗಿ. ಆಮೇಲೆ ಬಹಳ ತಾಳ್ಮೆಯಿಂದ ವಿವರಿಸಿದಳು: "ಇದೆಲ್ಲ ಮೈಕ್ರಾನ್ ಲೆಕ್ಕದಲ್ಲಿ ಇರುತ್ತೆ ಆಂಟಿ. ಮೈಕ್ರಾನ್ ಅಂದ್ರೆ ಒಂದು ಮಿಲಿಮೀಟರ್ ಇದೆ ಅಂದ್ಕೊಳ್ಳಿ, ಅದನ್ನ ಸಾವಿರ ಭಾಗ ಮಾಡಿದ್ರೆ ಅದ್ರಲ್ಲಿ ಒಂದು. ಊಹೆ ಮಾಡೋಕೂ ಆಗಲ್ಲ." ಸವಿತಾ ಹೌದಾ ಎಂಬಂತೆ ತಲೆಯಾಡಿಸಿದಳು. ಮೊದಲ ಸಲ ಕೇಳಿದವಳ ಹಾಗೆ ಕಣ್ಣು ಕೂಡ ಅಗಲಿಸಿದಳು. ಯಾಕೆ ಹಾಗೆ ಮಾಡಿದೆ ಎಂದು ವಾಪಸು ಬರುವ ಮೆಟ್ರೋದಲ್ಲಿ ತನ್ನನ್ನೇ ಎಷ್ಟು ಸಲ ಕೇಳಿಕೊಂಡಳೋ. ನಾಲ್ಕು ಮೈಕ್ರಾನ್ ಹೆಚ್ಚಿದೆ ಎಂದು ಮಾಲಿನ ಇಡೀ ಲಾಟನ್ನೇ ತಿರಸ್ಕರಿಸಿ ಗಂಡಸರಿಂದ ಬೈಸಿಕೊಂಡವಳು ಎಂದು ಹೇಳಬಹುದಿತ್ತು. ಹೇಳಿದ್ದರೆ ಆ ಹುಡುಗಿಗೆ ಅವಮಾನವಾಗುತ್ತಿತ್ತು. ಅಥವಾ ಹೇಳುವ ಧೈರ್ಯವೇ ಇರಲಿಲ್ಲ, ಐಟಿಐ ಓದಿದವಳು ಅಂಥ ಜಾಗದಲ್ಲಿ ಬಾಯಿ ತೆರೆದರೆ ಏನಾದರೂ ತಪ್ಪಾದೀತೆಂಬ ಹೆದರಿಕೆ. ಎರಡೂ ನಿಜವಿರಬಹುದು.

ಚೀಟಿ ಕಂಡದ್ದು ಆಮೇಲೆ. ಯಾವ ಯಂತ್ರದ ಮುಂದೆ ನಿಂತರೂ ಅವಳ ಕಣ್ಣು ಮೊದಲು ಹುಡುಕುವುದು ಅದನ್ನೇ: ಇದನ್ನು ಸರಿನೋಡಿದ್ದು ಯಾವಾಗ, ಇದರ ನಂಬರೇನು. ಸೂಕ್ಷ್ಮದರ್ಶಕದ ಕಣ್ಣಿನ ಕೊಳವೆಯೊಳಗೆ ನೂರು ಗೆರೆಗಳ ಒಂದು ಅಳತೆಪಟ್ಟಿ ಇತ್ತು. ಚೀಟಿಯ ಮೇಲೆ, ಯಂತ್ರ ಎರಡು, ಒಂದು ಗೆರೆಗೆ ಒಂದು ಮೈಕ್ರಾನ್ ಎಂದು ಬರೆದಿತ್ತು. ಯಂತ್ರದ ಮೈಮೇಲೆ ಮಾತ್ರ ನಾಲ್ಕು ಎಂದಿತ್ತು. ಹಳೆಯದು ಕೆಟ್ಟಾಗ ಅದರ ಕಣ್ಣನ್ನು ಬಿಚ್ಚಿ ಹೊಸದಕ್ಕೆ ಹಾಕಿದೆವು, ಚೀಟಿಯನ್ನೂ ತಂದು ಅಂಟಿಸಿದೆವು ಎಂದು ದಿವ್ಯಾ ತಾನಾಗಿಯೇ ಹೇಳಿದಳು. ಹೊಸ ಯಂತ್ರದ ಮಸೂರ ಬೇರೆ, ಅದರಲ್ಲಿ ಗೆರೆಯ ಬೆಲೆ ಅದೇ ಇರಬೇಕೆಂದೇನಿಲ್ಲ. ಅದೇ ಹೊತ್ತಿಗೆ ನಿವೇದಿತಾ ಹೇಳುತ್ತಿದ್ದರು, ಹುಲ್ಲಿನ ಜಾತಿಯಲ್ಲಿ ಕಣ ನಲವತ್ತು ಮೈಕ್ರಾನ್ ದಾಟಿದರೆ ಅದು ಬಹುಮಟ್ಟಿಗೆ ಮನುಷ್ಯ ಬಿತ್ತಿದ ಬೆಳೆ, ಅದಕ್ಕಿಂತ ಸಣ್ಣದಾದರೆ ಕಾಡುಹುಲ್ಲು. ಕೆರೆಗೆ ಕಟ್ಟೆ ಹಾಕುವ ಮೊದಲಿನ ಪದರಗಳಲ್ಲಿ ಒಂದೂ ಮೂವತ್ತೇಳು ದಾಟಿಲ್ಲ, ಆದ್ದರಿಂದ ಆಗ ಇಲ್ಲಿ ಬೇಸಾಯವೇ ಇರಲಿಲ್ಲ. ಸವಿತಾ ಕೇಳಿಸಿಕೊಂಡಳು. ಊಟಕ್ಕೆ ಚಪಾತಿ ಕೊಟ್ಟರು, ತಿಂದಳು. ಬಾಗಿಲವರೆಗೆ ಬಂದು ಕೈಹಿಡಿದು ಬೀಳ್ಕೊಟ್ಟರು, ನಕ್ಕಳು. ಚೀಟಿಯ ಸುದ್ದಿ ಎತ್ತಲಿಲ್ಲ.

ಸೋಮವಾರ ಸಂಜೆ ಬಾಗಲಗುಂಟೆಯ ಮನೆಯಲ್ಲಿ ಗಂಡ ರೇವಣಸಿದ್ದನಿಗೆ ಹೇಳಿದಳು. ಕಂಪನಿ ಬಸ್ಸು ಓಡಿಸಿ ದಣಿದು ಬಂದು ಕಾಲು ಚಾಚಿದ್ದ ಅವನು ಪೂರ್ತಿ ಕೇಳಿ, "ನಿನಗ್ಯಾಕ ಬೇಕದು? ಓದಿದ ಮಂದಿ ಅದಾರ, ಅವರಿಗೆ ಗೊತ್ತಿರ್ತೈತಿ," ಅಂದ. ಆಮೇಲೆ ಚಾಚಿದ ಕಾಲು ಮಡಚಿ, "ಗೊತ್ತಿರದಿದ್ರ?" ಎಂದು ಅವನೇ ಕೇಳಿದ. ಓದಿದ ಮಂದಿಗೆ ಗೊತ್ತಿರುತ್ತದೆ ಎಂದು ಹಿಂದೊಮ್ಮೆ ಸವಿತಾಳೂ ಅಂದುಕೊಂಡಿದ್ದಳು. ಆರು ವರ್ಷದ ಹಿಂದೆ, ಒಳವ್ಯಾಸ ಅಳೆಯುವ ಬೋರ್ ಗೇಜನ್ನು ಸೊನ್ನೆಗೆ ಕೂರಿಸುವ ಉಕ್ಕಿನ ಉಂಗುರ ಸವೆದಿದೆ ಎಂದು ಅವಳಿಗೆ ಅನ್ನಿಸಿತ್ತು. ಆಗಿನ ಇಂಜಿನಿಯರು ಹೊಸಬ, ಮಾತು ಮಾತಿಗೆ ರೇಗುವವನು, ಇನ್ನೊಂದು ವಾರಕ್ಕೆ ಹೇಗೂ ತಪಾಸಣೆಗೆ ಹೋಗುತ್ತದಲ್ಲ ಎಂದು ಸುಮ್ಮನಾದಳು. ಆ ವಾರದ ಮಾಲು ಪೂರ್ತಿ, ಅಳತೆ ತಪ್ಪಿದೆಯೆಂದು ವಾಪಸು ಬಂತು. ಲೇತಿನ ಈರೇಶ್ ಅಜಾಗರೂಕತೆಯಿಂದ ಕೆಲಸ ಕೆಡಿಸಿದ್ದಾನೆ ಎಂದಾಯಿತು, ಅವನು ಕೆಲಸ ಬಿಡಬೇಕಾಯಿತು. ಅವನಿಗೆ ಬೇರೆ ಕಡೆ ಕೆಲಸ ಸಿಕ್ಕಿತು, ಮದುವೆಯೂ ಆಯಿತು, ಬಾಗಲಗುಂಟೆಯಲ್ಲೇ ಇದ್ದಾನೆ. ಬಸ್ಸಿಗೆ ಕಾಯುತ್ತ ನಿಂತ ಅವಳನ್ನು ಕಂಡರೆ ಬೈಕು ನಿಲ್ಲಿಸಿ, "ಹತ್ತಿ ಅಕ್ಕಾ, ಬಿಡ್ತೀನಿ" ಅನ್ನುತ್ತಾನೆ. ಆ ಅಕ್ಕಾ ಎಂಬುದನ್ನು ಕೇಳಿದಾಗಲೆಲ್ಲ ಅವಳಿಗೆ ಬೈಕಿನಿಂದ ಇಳಿದು ನಡೆದುಕೊಂಡು ಹೋಗೋಣ ಅನ್ನಿಸುತ್ತದೆ.

ಮಂಗಳವಾರ ನಿವೇದಿತಾರಿಗೆ ಫೋನ್ ಮಾಡಿದಳು. ಅವರು ಅದೆಷ್ಟು ಸಂತೋಷದಿಂದ ಮಾತಾಡಿದರೆಂದರೆ, ಎರಡನೇ ಪಿಸ್ಟನ್ ರೆಡಿಯಾಗಿದೆ ಮೇಡಂ ಎಂದಷ್ಟೇ ಹೇಳಿ ಇಟ್ಟುಬಿಟ್ಟಳು. ಬುಧವಾರ ಅದನ್ನು ಒಯ್ಯಲು ಅವರೇ ಬಂದರು. ತಪಾಸಣೆ ಕೋಣೆಯಲ್ಲಿ ಪಿಸ್ಟನ್ನನ್ನು ಬಟ್ಟೆಯಲ್ಲಿ ಸುತ್ತಿಕೊಡುತ್ತಿರುವಾಗ, ಶುಕ್ರವಾರ ವರದಿ ಕಳಿಸಿಬಿಡುತ್ತೇನೆ, ಎರಡು ವರ್ಷದ ಕೆಲಸ ಮುಗಿಯುತ್ತೆ, ಎಂದರು. ಒಂದೇ ಒಂದು ಕಡೆ ಮನಸ್ಸು ಕೊರೆಯುತ್ತಿದೆ, ಎಂದು ಮುಂದುವರಿಸಿದರು. ಕಟ್ಟೆಗಿಂತ ಬಹಳ ಕೆಳಗೆ ಒಂದು ಪದರದಲ್ಲಿ ಮರಗಳ ಪರಾಗ ಇದ್ದಕ್ಕಿದ್ದಂತೆ ಇಳಿದಿದೆ, ಸುಟ್ಟ ಇದ್ದಿಲಿನ ಚೂರು ಹೆಚ್ಚಿದೆ. ಬರ ಬಂದು ಕಾಡು ಒಣಗಿ ಬೆಂಕಿ ಬಿದ್ದಿರಬೇಕು ಅಂತ ಬರೆದಿದ್ದೇನೆ. "ಆದ್ರೆ ಬರ ಬಿದ್ದಿದ್ರೆ ನೀರಲ್ಲಿ ಬೆಳೆಯೋ ಜೊಂಡೂ ಕಡಿಮೆ ಆಗ್ಬೇಕಿತ್ತು. ಅದು ಆಗಿಲ್ಲ. ಹೋಗ್ಲಿ ಬಿಡಿ, ಎಲ್ಲಾದಕ್ಕೂ ಉತ್ತರ ಸಿಗಲ್ಲ."

ಸವಿತಾಳ ಕೈ ಬಟ್ಟೆಯ ಗಂಟಿನ ಮೇಲೆ ನಿಂತಿತು.

"ಮೇಡಂ, ಒಂದ್ ಮಾತು. ನಿಮ್ ಮೆಷಿನ್ ನಂಬರ್ ನಾಲ್ಕು. ಚೀಟೀಲಿ ಎರಡು ಅಂತಿದೆ."

"ಯಾವ ಚೀಟಿ?"

"ಗೆರೆ ಎಷ್ಟು ಮೈಕ್ರಾನ್ ಅಂತ ಬರ್ದಿರೋದು. ಅದು ಹಳೇ ಮೆಷಿನ್ದು. ಹೊಸದರಲ್ಲಿ ಗೆರೆ ಅಷ್ಟೇ ಇದ್ಯೋ ಇಲ್ವೋ ಯಾರಾದ್ರೂ ನೋಡಿದಾರಾ?" ಸವಿತಾ ಬಟ್ಟೆಯ ಗಂಟು ಬಿಗಿದಳು. "ನಾನು ಭಾನುವಾರಾನೇ ನೋಡ್ದೆ ಮೇಡಂ. ಹೇಳ್ಲಿಲ್ಲ."

ನಿವೇದಿತಾರ ಮುಖ ನಿಧಾನವಾಗಿ ಕೆಂಪಾಯಿತು. ದಾವಣಗೆರೆಯ ಮೇಷ್ಟರ ಮಗಳು, ಯಾರ ಮುಂದೂ ದನಿ ಎತ್ತಿದವರಲ್ಲ. "ಆ ಚೀಟಿ ಅಂಟಿಸಿದ್ದು ನಾನೇ," ಎಂದರು. ಬಾಗಿಲಲ್ಲಿ ನಿಂತಿದ್ದ ಸಿದ್ದಲಿಂಗಯ್ಯ ಕೆಮ್ಮಿದರು. ನಿವೇದಿತಾ ಪಿಸ್ಟನ್ ತೆಗೆದುಕೊಂಡು, ಥ್ಯಾಂಕ್ಸ್ ಎಂದು ಯಾರ ಕಡೆಗೂ ನೋಡದೆ ಹೇಳಿ, ಹೊರಟುಹೋದರು. ಸವಿತಾ ಕುರ್ಚಿಯಲ್ಲಿ ಕೂತಳು. ಒಳ್ಳೆಯ ಹೆಂಗಸೊಬ್ಬರ ಮುಖಕ್ಕೆ ಅವರದೇ ಎರಡು ವರ್ಷದ ಕೆಲಸವನ್ನು ಬಿಸಾಡಿದ ಹಾಗಾಯಿತು. ಆದರೆ ಎದೆಯಲ್ಲಿ ಯಾವುದೋ ಬಿಗಿ ಸಡಿಲಗೊಂಡಿತ್ತು, ಅದನ್ನು ಸುಳ್ಳು ಅನ್ನಲಾಗಲಿಲ್ಲ. ಅದೇ ಸಡಿಲದಲ್ಲಿ ಸಂಜೆ ಬಸ್‌ಸ್ಟಾಪಿನಲ್ಲಿ ಬೈಕು ನಿಲ್ಲಿಸಿದ ಈರೇಶನಿಗೂ ಉಂಗುರದ ಕತೆ ಹೇಳಿಬಿಟ್ಟಳು. ಅವನು ಇಂಜಿನ್ ಆಫ್ ಮಾಡಿ ಬಹಳ ಹೊತ್ತು ಹ್ಯಾಂಡಲ್ಲಿನ ಕಡೆ ನೋಡಿದ. "ನಂಗೂ ಆಗ್ಲೇ ಅನ್ಸಿತ್ತು ಅಕ್ಕಾ, ಕೈ ತಪ್ಪಿಲ್ಲ ನಂದು ಅಂತ. ಆದ್ರೂ ಆರು ವರ್ಷ ಡೌಟು ಹಾಗೇ ಇತ್ತು ನೋಡಿ." ಕೋಪ ಬಂದಿತ್ತು, ಬಂದು ಹೋಗುತ್ತಲೂ ಇತ್ತು. ಎರಡೂ ಅವನ ದವಡೆಯಲ್ಲಿ ಕಾಣುತ್ತಿದ್ದವು. "ಕೈ ತಪ್ಪಿರ್ಲಿಲ್ಲ ಅಂತ ಆಯ್ತಲ್ಲ," ಎಂದು ಬೈಕಿನ ಕಿಕ್ಕರ್ ಒದ್ದ. "ಹತ್ತಿ, ಲೇಟಾಗುತ್ತೆ." ಆ ದಿನ ಅವಳಿಗೆ ಇಳಿದು ನಡೆಯಬೇಕು ಅನ್ನಿಸಲಿಲ್ಲ.

ಗುರುವಾರ ಮಧ್ಯಾಹ್ನ ನಿವೇದಿತಾರ ಫೋನು. "ಸವಿತಾ ಅವ್ರೇ, ನಿನ್ನೆ ಹಾಗೆ ಎದ್ದು ಬಂದ್ಬಿಟ್ಟೆ, ಬೇಜಾರು ಮಾಡ್ಕೋಬೇಡಿ. ನನ್ನ ಮೇಲೇ ಸಿಟ್ಟು ಬಂದಿತ್ತು. ವರದಿ ನಿಲ್ಲಿಸಿದೀನಿ. ನಿಮ್ಮ ಹತ್ರ ನಂಬೋಕಾಗೋ ಅಂಥ ಅಳತೆ ಏನಾದ್ರೂ ಇದ್ಯಾ?" ಇತ್ತು. ವರ್ಕ್‌ಶಾಪಿನಲ್ಲಿ ಹತ್ತು ಹತ್ತು ಮೈಕ್ರಾನಿಗೆ ಗೆರೆ ಕೊರೆದ ಒಂದು ಗಾಜಿನ ಪಟ್ಟಿ ಇತ್ತು, ಕಳೆದ ತಿಂಗಳಷ್ಟೇ ಸರಿನೋಡಿಸಿ ತಂದದ್ದು. ಅದನ್ನು ಹೊರಗೆ ಕೊಡುವ ಪದ್ಧತಿಯೇ ಇಲ್ಲ. ಸಿದ್ದಲಿಂಗಯ್ಯ ಗಡ್ಡ ಕೆರೆದುಕೊಂಡು, "ಕೈ ಜಾರಿ ಬೀಳಿಸೀಯ ಕಣಮ್ಮಾ," ಎಂದಷ್ಟೇ ಹೇಳಿ ಬೀರುವಿನ ಬೀಗ ತೆಗೆದರು. ಭಾನುವಾರ ಮೆಟ್ರೋದಲ್ಲಿ ಆ ಮರದ ಡಬ್ಬಿಯನ್ನು ಅವಳು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದು ಕೂತಿದ್ದ ರೀತಿಗೆ ಪಕ್ಕದ ಹೆಂಗಸು, ಏನಕ್ಕಾ ಅದು, ಒಡವೇನಾ, ಎಂದು ಕೇಳಿದಳು. ಅಲ್ಲ, ಸ್ಕೇಲು, ಎಂದಳು ಸವಿತಾ. ಆ ಹೆಂಗಸು ನಂಬಲಿಲ್ಲ.

ಗಾಜಿನ ಪಟ್ಟಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಅದರ ಗೆರೆಗಳನ್ನು ಕಣ್ಣಿನ ಕೊಳವೆಯೊಳಗಿನ ಗೆರೆಗಳಿಗೆ ಕೂಡಿಸಿದರು. ಮೊದಲು ನಿವೇದಿತಾ ನೋಡಿದರು, ಆಮೇಲೆ ದಿವ್ಯಾ, ಕೊನೆಗೆ ಸವಿತಾ. ಮೂವರೂ ಬರೆದ ಅಂಕಿ ಒಂದೇ: ಕಣ್ಣೊಳಗಿನ ನೂರು ಗೆರೆಗೆ ನೂರಿಪ್ಪತ್ತು ಮೈಕ್ರಾನ್. ಅಂದರೆ ಗೆರೆಯೊಂದಕ್ಕೆ ಒಂದೂಕಾಲಿಗಿಂತ ಸ್ವಲ್ಪ ಕಡಿಮೆ. ಮೂವತ್ತಾರು ಗೆರೆಯ ಕಣ ನಲವತ್ಮೂರು ಮೈಕ್ರಾನ್ ಆಗುತ್ತಿತ್ತು, ಬೆಳೆಯ ಗಡಿ ದಾಟುತ್ತಿತ್ತು. ದಿವ್ಯಾ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ನಿವೇದಿತಾ ಮಾತ್ರ, ಬೇಡ, ಈಗಲೇ ಕುಣಿಯೋದು ಬೇಡ, ಹಳೇ ಲೆಕ್ಕಕ್ಕೆ ಗುಣಾಕಾರ ಮಾಡಿ ಹಾಕೋಕೆ ನಂಗೆ ಮನಸ್ಸಿಲ್ಲ, ಮತ್ತೆ ಅಳೀಬೇಕು, ನಾನು ಅಳೆದರೆ ನನ್ನ ಆಸೆಯೂ ಜೊತೆಗೆ ಅಳೆಯುತ್ತೆ, ಎಂದರು. ಯಾವ ಪದರದ್ದೆಂದು ಗೊತ್ತಿಲ್ಲದವರು ಅಳೆಯಬೇಕು. "ನೀವು ಕೂತ್ಕೋತೀರಾ?"

ಅದೇ ಬೆಳಿಗ್ಗೆ ಹತ್ತಕ್ಕೆ ಸವಿತಾ ಕೂತಳು. ಗಾಜುಗಳ ಮೇಲಿನ ಹೆಸರು ಮುಚ್ಚಿ ದಿವ್ಯಾ ಬರೀ ಅಕ್ಷರ ಹಾಕಿಟ್ಟಿದ್ದಳು. ಒಂದೊಂದೇ ಹುಲ್ಲಿನ ಕಣವನ್ನು ನಡುವಿಗೆ ತಂದು, ತೂತಿನಿಂದ ಆಚೆ ಅಂಚಿಗೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಅಳೆದು ಹೇಳುತ್ತಿದ್ದಳು, ದಿವ್ಯಾ ಬರೆಯುತ್ತಿದ್ದಳು. ಮೊದಮೊದಲು ಕುತ್ತಿಗೆ ಬಿಗಿದಿತ್ತು. ಹತ್ತು ಕಣ ಆಗುವ ಹೊತ್ತಿಗೆ ಅದೆಲ್ಲ ಮರೆತೇಹೋಯಿತು, ಇದು ತನ್ನದೇ ಕೆಲಸ, ತನ್ನದೇ ಟೇಬಲ್ಲು. ಪೀಣ್ಯಕ್ಕೆ ಬಂದ ಹೊಸದರಲ್ಲಿ ಮೈಕ್ರೋಮೀಟರಿನ ತಿರುಪು ಕೊನೆಯಲ್ಲಿ ಮೂರು ಸಲ ಟಿಕ್ ಎಂದಾಗ ಆಗುತ್ತಿದ್ದ ಖುಷಿ, ಇಡೀ ಗದ್ದಲದಲ್ಲಿ ಇದೊಂದು ನಿಜ, ಇದನ್ನು ಯಾರೂ ಜೋರು ಮಾಡಿ ಬದಲಾಯಿಸಲಾರರು ಎಂಬ ಖುಷಿ, ಎಷ್ಟೋ ವರ್ಷದ ಮೇಲೆ ಮತ್ತೆ ಬಂದು ಪಕ್ಕದಲ್ಲಿ ಕೂತಿತ್ತು. ಒಂದು ಕಣ ನೋಡಿ, ಇದು ಜಜ್ಜಿಹೋಗಿದೆ, ಅಳತೆಗೆ ಬರಲ್ಲ, ಎಂದು ಬಿಟ್ಟಳು. ಇನ್ನೊಂದಕ್ಕೆ, ಓರೆ ಮಲಗಿದೆ, ಬಿಡಿ. ದಿವ್ಯಾ ಮೆಲ್ಲಗೆ ಕೇಳಿದಳು, "ಆಂಟಿ, ನೀವು ಕೆಲ್ಸದಲ್ಲಿ ಎಷ್ಟು ಮೈಕ್ರಾನ್ ತನಕ ನೋಡ್ತೀರಾ?" ಎರಡು, ಎಂದಳು ಸವಿತಾ, ಕಣ್ಣು ತೆಗೆಯದೆ. "ಸಾರಿ ಆಂಟಿ. ಅವತ್ತು ನಾನು..." ಎಂದಳು ಹುಡುಗಿ. ಸವಿತಾಳಿಗೆ ನಗು ತಡೆಯಲಾಗಲಿಲ್ಲ, ಕಣ ಚೌಕಟ್ಟಿನಿಂದ ಆಚೆ ಓಡಿತು, ಇಬ್ಬರೂ ಸೇರಿ ಅದನ್ನು ಹುಡುಕುವಷ್ಟರಲ್ಲಿ ಹತ್ತು ನಿಮಿಷ ಹೋಯಿತು.

ಮೂರು ಗಂಟೆಗೆ ಅರವತ್ತು ಕಣ ಮುಗಿದವು. ನಿವೇದಿತಾ ಅಕ್ಷರಗಳ ಮೇಲಿನ ಕಾಗದ ಬಿಚ್ಚಿ ಒಂದೊಂದಾಗಿ ಪಟ್ಟಿಗೆ ಸೇರಿಸಿದರು. ಎಲ್ಲ ಪದರದಲ್ಲೂ ಕಾಡುಹುಲ್ಲು ಮೂವತ್ತರ ಆಸುಪಾಸು. ತೀರ ತಳದಲ್ಲಿ ಬರೀ ಅದೇ. ಅದರ ಮೇಲೆ, ಮರಗಳ ಪರಾಗ ಇಳಿದು ಇದ್ದಿಲು ಹೆಚ್ಚಿದ ಆ ಪದರದಲ್ಲಿ ನಲವತ್ತೆರಡು, ನಲವತ್ಮೂರು, ನಲವತ್ತನಾಲ್ಕು, ಮತ್ತೆ ನಲವತ್ಮೂರು. ಮನುಷ್ಯರು ಮರ ಕಡಿದು, ಸುಟ್ಟು, ಬಿತ್ತಿದ್ದರು. ಜೊಂಡು ಯಾಕೆ ಒಣಗಿರಲಿಲ್ಲವೆಂದರೆ ಬರವೇ ಬಂದಿರಲಿಲ್ಲ. ಒಳ್ಳೆಯ ಮಳೆಗಾಲದಲ್ಲಿ ಯಾರೋ ಇಲ್ಲಿಗೆ ಬಂದು, ಈ ಜೌಗು ನೆಲದ ಅಂಚಿನಲ್ಲಿ ಹೊಲ ಮಾಡಿದ್ದರು, ಕೆರೆಯ ಕಟ್ಟೆಗಿಂತ ಎಂಟುನೂರು ವರ್ಷ ಮೊದಲು, ಇಂದಿಗೆ ಎರಡು ಸಾವಿರ ವರ್ಷದ ಹಿಂದೆ. ನಿವೇದಿತಾ ಎದ್ದು ಕಿಟಕಿಗೆ ಹೋದರು, ವಾಪಸು ಬಂದರು, ಪಟ್ಟಿಯನ್ನು ಮತ್ತೆ ಓದಿದರು. ಆಮೇಲೆ ಲ್ಯಾಬಿನ ನೆಲದ ಮೇಲೆಯೇ ಕೂತು, ಕನ್ನಡಕ ತೆಗೆದು, ಭುಜ ಕುಲುಕುವಂತೆ ನಗತೊಡಗಿದರು. "ಎರಡು ವರ್ಷ ಬರ ಬರ ಅಂತ ಬರ್ದೆ ಕಣ್ರೀ ನಾನು," ಎಂದರು. ಸವಿತಾಳೂ ಅವರ ಪಕ್ಕ ಕೂತಳು. ಆ ಬೆಳೆ ಯಾವುದು ಮೇಡಂ, ಎಂದು ಕೇಳಿದಳು. "ಸಜ್ಜೆ ಇರಬಹುದು, ಜೋಳ ಇರಬಹುದು. ಅಷ್ಟು ಖಚಿತ ಹೇಳೋಕಾಗಲ್ಲ. ಬೆಳೆ ಅನ್ನಬಹುದು, ಅಷ್ಟೇ." ಅಷ್ಟೇ ಎಂಬ ಮಾತು ಅವಳಿಗೆ ಬಹಳ ಹಿಡಿಸಿತು. ಅಳತೆ ಎಷ್ಟು ಹೇಳುತ್ತದೋ ಅಷ್ಟು, ಅದರಾಚೆಗೆ ಒಂದು ಕೂದಲಷ್ಟೂ ಇಲ್ಲ.

ಕೆರೆಯಲ್ಲಿ ಇನ್ನೊಂದು ಕಡೆ ಕೊಳವೆ ಇಳಿಸುವ ಜಾಗ ಗುರುತು ಮಾಡೋಣ ಎಂದು ನಿವೇದಿತಾ ಆಟೋ ಹಿಡಿದರು, ಸವಿತಾಳನ್ನೂ ಬಿಡಲಿಲ್ಲ. ಕೆರೆಯ ಆಚೆ ಕಂಪನಿಗಳ ಗಾಜಿನ ಕಟ್ಟಡಗಳು ಇಳಿಬಿಸಿಲಿಗೆ ಕೆಂಪಾಗಿದ್ದವು. ನಿವೇದಿತಾ ಮತ್ತು ದಿವ್ಯಾ ಬಿರುಕು ಬಿಟ್ಟ ತಳದಲ್ಲಿ ಹಗ್ಗ ಎಳೆಯುತ್ತ ದೂರ ಹೋದರು. ಸವಿತಾ ಏರಿಯ ಮೇಲೆ ನಿಂತಳು. ಕೆಳಗೆ ಕಟ್ಟಡ ಕೆಲಸದವರ ತಗಡಿನ ಶೆಡ್ಡುಗಳ ಕಡೆಯಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಕಾಲು ತಾನಾಗಿ ಇಳಿಯಿತು. ಮೂರು ಕಲ್ಲಿನ ಒಲೆಯ ಮುಂದೆ ಕೂತಿದ್ದ ನಡುವಯಸ್ಸಿನ ಹೆಂಗಸು ತಲೆಯೆತ್ತಿ ನೋಡಿದಳು.

"ಬರ್ರಿ ಅಕ್ಕಾರ. ಯಾ ಊರ ಕಡೆಯವರ್ರಿ?"

"ಯಲಬುರ್ಗಾ."

"ನಮ್ಮದು ಕುಷ್ಟಗಿ. ಚನ್ನಕ್ಕ ಅಂತಾರ ನನಗ. ಕುಂದರ್ರಿ, ಬಿಸಿ ಐತಿ, ಒಂದು ತಿನ್ನರಿ." ಚನ್ನಕ್ಕ ಬೇಡ ಅನ್ನಲು ಹೊತ್ತು ಕೊಡದೆ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಕೈಗಿಟ್ಟಳು. "ಇಲ್ಲೇನು ಮಾಡ್ತೀರಿ ನೀವು?"

"ಅಳತಿ ನೋಡ್ತೀನ್ರಿ," ಎಂದಳು ಸವಿತಾ. ಬಾಯಲ್ಲಿ ತುತ್ತಿತ್ತು, ಊರಿನ ಮಾತು ಸಲೀಸಾಗಿ ಬರುತ್ತಿತ್ತು, ಯಾರಿಗಾದರೂ ಹೇಳದೆ ಇರಲಾಗುತ್ತಿರಲಿಲ್ಲ. "ಈ ಕೆರಿ ಕಟ್ಟೂಕಿಂತ ಮೊದಲ ಇಲ್ಲಿ ಮಂದಿ ಹೊಲ ಮಾಡಿದ್ರಂತ. ಎರಡು ಸಾವಿರ ವರ್ಷ ಆತು. ಸಜ್ಜಿನೋ ಜ್ವಾಳಾನೋ ಬಿತ್ತಿದ್ರು. ಇವತ್ತು ಗೊತ್ತಾತು. ನಾನ ಅಳದೆ."

ಚನ್ನಕ್ಕ ರೊಟ್ಟಿ ತಿರುವಿ ಹಾಕಿದಳು.

"ಬಿತ್ತದ ಏನು ಮಾಡ್ತಾರವಾ," ಎಂದಳು. "ಮಂದಿ ಅಂದ ಮ್ಯಾಲ ಅವರಿಗೂ ಹೊಟ್ಟಿ ಇರ್ತಿದ್ದಿಲ್ಲೇನು."

ಸವಿತಾ ನಕ್ಕಳು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು, ಹೊಗೆಗೋ ಚಟ್ನಿಯ ಖಾರಕ್ಕೋ ತಿಳಿಯಲಿಲ್ಲ. ಎರಡು ವರ್ಷ, ಎರಡು ಯಂತ್ರ, ಅರವತ್ತು ಕಣ. ಈ ಹೆಂಗಸಿಗೆ ಒಂದು ರೊಟ್ಟಿ ಬೇಯುವ ಹೊತ್ತು ಸಾಕಾಯಿತು. ಆದರೂ ಅಳೆದದ್ದು ಒಳ್ಳೆಯದಾಯಿತು ಎಂದುಕೊಂಡಳು, ಅಳೆಯದಿದ್ದರೆ ಇದನ್ನು ಕೇಳಲು ತಾನು ಇಲ್ಲಿ ಕೂತಿರುತ್ತಿರಲಿಲ್ಲ. ಕೆರೆಯಂಗಳದಿಂದ ನಿವೇದಿತಾ, ಸವಿತಾ ಅವ್ರೇ, ಎಲ್ಲೋದ್ರಿ, ಎಂದು ಕೂಗುತ್ತಿದ್ದರು. ಅವಳು ಎದ್ದು ನಿಂತು ರೊಟ್ಟಿ ಹಿಡಿದ ಕೈಯನ್ನೇ ಮೇಲೆತ್ತಿ ಬೀಸಿ ಕರೆದಳು.

"ಇನ್ನೆರಡು ಬಡೀರಿ ಚನ್ನಕ್ಕ," ಎಂದಳು. "ಮಂದಿ ಬರಾಕತ್ಯಾರ."